ಸುಟ್ಟ ಮರನಗರದ ಎಲ್ಫ್‌ಗಳಿಗೆ ಜಾಗ ಎಲ್ಲಿ?

ಪ್ರಶ್ನೆ: ನಾವು ಐದು ಜನ ಗೆಳೆಯರು ಭಾನುವಾರ ರಾಜಾಜಿನಗರದಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಥೆ ಕಟ್ಟುವ ಆಟ ಆಡುತ್ತೇವೆ, ಪೂರ್ತಿ ಕನ್ನಡದಲ್ಲೇ. ನಾನೇ ಡಿಎಂ, ಅಂದರೆ ಕಥೆ ನಡೆಸುವ ಹೊಣೆ ನನ್ನದು. ನಮ್ಮ ಕಥೆಯಲ್ಲಿ ಎಲ್ಫ್‌ಗಳೆಂಬ ದೀರ್ಘಾಯುಷಿ ಕಾಡುಜನರ ಮರನಗರ ಯುದ್ಧದಲ್ಲಿ ಸುಟ್ಟುಹೋಗಿದೆ. ಬದುಕುಳಿದ 3,000 ಮಂದಿ ಮನುಷ್ಯರ ಬಂದರು ಪಟ್ಟಣದ ಗೋಡೆಯಾಚೆ ಗುಡಾರ ಹಾಕಿಕೊಂಡಿದ್ದಾರೆ. ಇವರಿಗೆ ಹೊಸ ನೆಲೆ ಹುಡುಕುವುದೇ ಮುಂದಿನ ಕಥೆ. ಮ್ಯಾಪಿನಲ್ಲಿ ನಾಲ್ಕು ಜಾಗ ಗುರುತಿಸಿದ್ದೇನೆ: ಉತ್ತರದ ಹಿಮದ ಕಣಿವೆ, ಪಡುವಣ ಕಡಲಿನ ಖಾಲಿ ದ್ವೀಪ, ಗ್ನೋಮ್‌ಗಳೆಂಬ ಕುಳ್ಳ ಜನ ವಾಸವಿರುವ ತೆಂಕಣ ದಟ್ಟ ಕಾಡು, ಇಲ್ಲವೇ ಸುಟ್ಟುಹೋದ ಹಳೇ ಜಾಗವೇ. ಪಾರ್ಟಿಯ (ಆಟಗಾರರ ತಂಡದ) ಡ್ರೂಯಿಡ್, ಅಂದರೆ ಪ್ರಕೃತಿಯ ಮಂತ್ರ ಬಲ್ಲ ಪಾತ್ರ ಆಡುವವಳು, ದಟ್ಟ ಕಾಡೇ ಆಗಬೇಕು ಎಂದು ಹಟ ಹಿಡಿದಿದ್ದಾಳೆ. ಯಾವುದು ಸರಿ? ತೀರ್ಮಾನ ನಾನು ಮಾಡಬೇಕೋ, ಆಟಗಾರರೋ?

ಉತ್ತರ: ನಾಲ್ಕೂ ಬೇಡ. ನಿಮ್ಮ ಮ್ಯಾಪಿನಲ್ಲಿ ಐದನೆಯ ಜಾಗವೊಂದಿದೆ, ನೀವು ಗುರುತು ಹಾಕಿಲ್ಲ ಅಷ್ಟೆ. ತೆಂಕಣ ಕಾಡು ತೆಳುವಾಗುತ್ತಾ ಬಂದು ಮನುಷ್ಯರ ಹೊಲಗದ್ದೆ ಶುರುವಾಗುವ ಅಂಚು. ನಮ್ಮ ಕಡೆ ಅರೆಮಲೆನಾಡು ಅಂತೀವಲ್ಲ, ಆ ಥರದ ನೆಲ. ಪಕ್ಕದಲ್ಲಿ ವರ್ಷಪೂರ್ತಿ ಹರಿಯುವ ಹೊಳೆ, ಒಂದು ದಿನದ ನಡಿಗೆಯಲ್ಲಿ ಸಂತೆ. ನೆಲದ ಒಡೆತನ ಮನುಷ್ಯರ ರಾಜನದು, ಎಲ್ಫ್‌ಗಳಿಗೆ ಗುತ್ತಿಗೆ ಮಾತ್ರ. ನಿಮ್ಮ ಡ್ರೂಯಿಡ್ ಮೂಗು ಮುರಿಯುತ್ತಾಳೆ, ಗೊತ್ತು. ಆದರೂ ಕಥೆಗೂ ಲೆಕ್ಕಕ್ಕೂ ಹೊಂದುವುದು ಇದೇ.

ಎಲ್ಫ್ ಅಂದ ಕೂಡಲೇ ನಮ್ಮ ತಲೆ ದಟ್ಟ ಕಾಡಿಗೆ ಓಡುತ್ತದೆ. ಹಾಗಾಗಿ ಜಾಗ ಆರಿಸುವಾಗ ನೀವು ನೋಡಿರುವುದು ಮರ ಎಷ್ಟಿದೆ, ನೀರು ಸಿಗುತ್ತದಾ, ಶತ್ರು ಬಂದರೆ ತಡೆಯಬಹುದಾ ಎಂಬುದನ್ನು. ಮನೆ ಕಳೆದುಕೊಂಡು ಬಂದವರ ವಿಷಯದಲ್ಲಿ ಇವೆಲ್ಲ ಎರಡನೇ ಸುತ್ತಿನ ಪ್ರಶ್ನೆಗಳು. ಆ ನೆಲದಲ್ಲಿ ಈಗ ಯಾರಿದ್ದಾರೆ, ಅವರು ಯಾವ ಷರತ್ತಿನ ಮೇಲೆ ಇವರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ ಎನ್ನುವುದು ಮೊದಲು ಇತ್ಯರ್ಥವಾಗಬೇಕು.

ಇದನ್ನು ಇತ್ಯರ್ಥ ಮಾಡದೆ ನೆಲೆ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಹೈ ಎಲ್ಫ್‌ಗಳೇ ಸಾಕ್ಷಿ. ಆ ಲೋಕದ ಪುರಾಣದ ಪ್ರಕಾರ ಮಂತ್ರವಿದ್ಯೆ ಬಿಡಲು ಒಪ್ಪದ, ಮುಂದೆ ಹೈ ಎಲ್ಫ್ ಎನಿಸಿಕೊಂಡ ಹೈಬೋರ್ನ್ ಎಂಬ ಪಂಗಡವನ್ನು ನೈಟ್ ಎಲ್ಫ್‌ಗಳು ಗಡೀಪಾರು ಮಾಡಿದರು. ಡಾತ್‌ರೆಮಾರ್ ಸನ್‌ಸ್ಟ್ರೈಡರ್ ಎಂಬಾತನ ಹಿಂದೆ ಕಡಲು ದಾಟಿ ಬಂದವರು ಮೊದಲು ಇಳಿದದ್ದು ಟಿರಿಸ್ಫಾಲ್‌ನಲ್ಲಿ. ನೋಡಲು ಚೆಂದದ ಜಾಗ. ಆದರೆ ನೆಲದಡಿ ಮಲಗಿದ್ದ ಯಾವುದೋ ಕೇಡಿನ ಪಿಸುಮಾತಿಗೆ ಕೆಲವರಿಗೆ ಹುಚ್ಚು ಹಿಡಿಯಿತು. ಅಲ್ಲಿಂದ ಗಂಟುಮೂಟೆ ಕಟ್ಟಿ ಉತ್ತರಕ್ಕೆ ಹೋದರು. ಉತ್ತರದ ಕಾಡು ಅಮಾನಿ ಟ್ರಾಲ್‌ಗಳೆಂಬ ಇನ್ನೊಂದು ಜನಾಂಗದ್ದು, ಅವರ ಗುಡಿಗಳಿದ್ದ ನೆಲ. ಎಲ್ಫ್‌ಗಳು ಹೊಡೆದಾಡಿ ಅದನ್ನು ಕಿತ್ತುಕೊಂಡು ಕ್ವೆಲ್‌ಥಲಾಸ್ ಕಟ್ಟಿದರು. ಮುಂದೆ ಸಾವಿರಾರು ವರ್ಷದ ಮೇಲೆ ಟ್ರಾಲ್‌ಗಳು ತಿರುಗಿ ಬಿದ್ದಾಗ ರಾಜ್ಯ ಉಳಿಸಿಕೊಳ್ಳಲು ಮನುಷ್ಯರ ಕಾಲು ಹಿಡಿಯಬೇಕಾಯಿತು, ಅದರ ಬೆಲೆಯಾಗಿ ನೂರು ಮನುಷ್ಯರಿಗೆ ಮಂತ್ರವಿದ್ಯೆ ಕಲಿಸಬೇಕಾಯಿತು. ಆ ಹಗೆ ತೀರಲಿಲ್ಲ. 2007ರಲ್ಲಿ ಆಟಕ್ಕೆ ಸೇರಿದ ಝುಲ್‌ಅಮಾನ್ ರೇಡ್ (ಗುಂಪಾಗಿ ನುಗ್ಗಿ ಹೊಡೆದಾಡುವ ಭಾಗ) ಅದೇ ಜಗಳದ ಮುಂದುವರಿಕೆ. ಬರೆದವರು ಇದನ್ನು ಜಾಣತನದಿಂದಲೇ ಮಾಡಿದ್ದಾರೆ ಅನ್ನಿ, ಕಿತ್ತುಕೊಂಡ ನೆಲ ಕಥೆಗೆ ಮೇವು ಕೊಡುತ್ತಲೇ ಇರುತ್ತದೆ. ನಿಮ್ಮ ಗ್ನೋಮ್ ಕಾಡನ್ನು ಆರಿಸಿಕೊಂಡರೆ ನಿಮಗೆ ಸಿಗುವುದೂ ಇದೇ ಕಥೆ. ಅದರಲ್ಲಿ ನಿಮ್ಮ ಹೀರೋಗಳು ಖಳರಾಗುತ್ತಾರೆ, ಆಟಗಾರರು ಅದಕ್ಕೆ ತಯಾರಿದ್ದಾರಾ ಕೇಳಿಕೊಳ್ಳಿ.

ಅದೇ ಆಟದ ನೈಟ್ ಎಲ್ಫ್‌ಗಳ ಕಥೆ ನಿಮ್ಮದಕ್ಕೆ ಇನ್ನೂ ಹತ್ತಿರ. ಕಲಿಮ್‌ಡೋರ್ ಖಂಡದ ವಾಯವ್ಯ ಕರಾವಳಿಯಾಚೆ ಟೆಲ್‌ಡ್ರಸಿಲ್ ಎಂಬ ಮಹಾವೃಕ್ಷ, ಅದರ ಮೇಲೆ ಡಾರ್ನಸಸ್ ನಗರ. ಆ ಮರವೇ ಒಂದು ಅವಸರದ ಫಲ. ಹೈಜಲ್ ಪರ್ವತದ ಯುದ್ಧದಲ್ಲಿ ಅಮರತ್ವ ಕಳೆದುಕೊಂಡ ಮೇಲೆ, ಅದನ್ನು ಮರಳಿ ಪಡೆಯುವ ಆಸೆಯಿಂದ ಫ್ಯಾಂಡ್ರಲ್ ಸ್ಟ್ಯಾಗ್‌ಹೆಲ್ಮ್ ನೆಡಿಸಿದ್ದು. ಡ್ರ್ಯಾಗನ್‌ಗಳ ಆಶೀರ್ವಾದ ಸಿಗದೆ ಮರಕ್ಕೆ ರೋಗ ಹತ್ತಿತ್ತು. 2018ರಲ್ಲಿ ಬ್ಯಾಟಲ್ ಫಾರ್ ಅಜೆರಾತ್ ಎಂಬ ಆಟದ ಹೊಸ ಕಂತು ಬರುವ ಹೊತ್ತಿಗೆ ಶತ್ರು ಪಾಳೆಯದ ನಾಯಕಿ ಸಿಲ್ವನಸ್ ಅದನ್ನು ಸುಡಿಸಿದಳು. ಉಳಿದವರು ಮನುಷ್ಯರ ಸ್ಟಾರ್ಮ್‌ವಿಂಡ್ ಸೇರಿದರು. ಮತ್ತೆ ಅವರದೇ ರಾಜಧಾನಿ ಸಿಕ್ಕಿದ್ದು 2024ರ ಜನವರಿಯಲ್ಲಿ: ಡ್ರ್ಯಾಗನ್ ದ್ವೀಪಗಳ ಬಳಿ, ಅಮಿರ್‌ಡ್ರಸಿಲ್ ಎಂಬ ಹೊಸ ಮರದ ಬುಡದಲ್ಲಿ ಬೆಲಾಮೆತ್. ಆಡುವವರ ಲೆಕ್ಕದಲ್ಲಿ ಐದು ವರ್ಷಕ್ಕೂ ಮಿಕ್ಕಿದ ನಿರಾಶ್ರಿತ ಬದುಕು.

ಬೆಲಾಮೆತ್ ಜಾಗದ ಆಯ್ಕೆ ಜಾಣತನದ್ದು, ಅದನ್ನು ಒಪ್ಪುತ್ತೇನೆ. ಯಾರನ್ನೂ ಒಕ್ಕಲೆಬ್ಬಿಸಬೇಕಾಗಲಿಲ್ಲ, ಈ ಸಲ ಡ್ರ್ಯಾಗನ್‌ಗಳೂ ಜೊತೆಗಿದ್ದರು. ಟೆಲ್‌ಡ್ರಸಿಲ್ ನೆಟ್ಟಾಗ ಇಲ್ಲದಿದ್ದ ಒಪ್ಪಿಗೆ ಇದಕ್ಕಿತ್ತು. ನನ್ನ ತಕರಾರು ನಡುವಿನ ಐದು ವರ್ಷದ ಬಗ್ಗೆ. ಸ್ಟಾರ್ಮ್‌ವಿಂಡ್‌ನಲ್ಲಿ ಅವರು ಏನು ತಿಂದರು, ಯಾರ ಬೀದಿಯಲ್ಲಿ ಮಲಗಿದರು, ಮಕ್ಕಳು ಮನುಷ್ಯರ ಭಾಷೆ ಎಷ್ಟು ಕಲಿತರು, ಇವುಗಳ ಬಗ್ಗೆ ಆಟದಲ್ಲಿ ಬಲು ಕಡಿಮೆ. ಸೇಡಿನ ಯುದ್ಧವಿದೆ, ದೇವತೆ ಕೊಟ್ಟ ಬೀಜವಿದೆ, ಆಮೇಲೆ ಮರವಿದೆ. ಟೇಬಲ್ ಸುತ್ತ ಕೂತು ಆಡುವವರಿಗೆ ಬೇಕಾದ ಸರಕೆಲ್ಲ ಆ ಖಾಲಿ ಬಿಟ್ಟ ಜಾಗದಲ್ಲೇ ಇದೆ. ನಿಮ್ಮ ಬಂದರು ಪಟ್ಟಣದ ಗುಡಾರಗಳನ್ನು ಒಂದೇ ಸೆಷನ್‌ನಲ್ಲಿ ಖಾಲಿ ಮಾಡಿಸಬೇಡಿ.

ಆ ಖಾಲಿ ಜಾಗ ತುಂಬುವುದು ಹೇಗೆ ಎಂದು ನೋಡಲು ಸ್ಕೈರಿಮ್ ಎಂಬ ಇನ್ನೊಂದು ವಿಡಿಯೊ ಆಟದ ವಿಂಡ್‌ಹೆಲ್ಮ್ ನಗರಕ್ಕೆ ಹೋಗಿ ಬನ್ನಿ. ಆ ಲೋಕದ ನಾಲ್ಕನೇ ಯುಗದ 5ನೇ ವರ್ಷ ರೆಡ್ ಮೌಂಟನ್ ಎಂಬ ಜ್ವಾಲಾಮುಖಿ ಸಿಡಿದು ಡನ್ಮರ್ ಎಲ್ಫ್‌ಗಳ ನಾಡು ಬೂದಿಯಾಯಿತು. ಆಟ ನಡೆಯುವುದು 201ರಲ್ಲಿ. ಹತ್ತಿರ ಹತ್ತಿರ 200 ವರ್ಷ ಕಳೆದರೂ ವಿಂಡ್‌ಹೆಲ್ಮ್‌ನಲ್ಲಿ ಅವರು ಗ್ರೇ ಕ್ವಾರ್ಟರ್ ಎಂಬ ಇಕ್ಕಟ್ಟಿನ ಓಣಿಯಲ್ಲೇ ಇದ್ದಾರೆ. ಮೊದಲು ಅದರ ಹೆಸರು ಸ್ನೋ ಕ್ವಾರ್ಟರ್. ನಗರದ ಬಾಗಿಲು ದಾಟಿದ ಕೂಡಲೇ ಅಲ್ಲಿಯ ನಾರ್ಡ್ ಜನಾಂಗದ ಇಬ್ಬರು ಗಂಡಸರು ಒಬ್ಬ ಡನ್ಮರ್ ಹೆಂಗಸನ್ನು ಅಡ್ಡಗಟ್ಟಿ ಬೈಯುತ್ತಿರುವುದು ಕಾಣುತ್ತದೆ. ಒಳಗೆ ಹೋದರೆ ನ್ಯೂ ನಿಸಿಸ್ ಕಾರ್ನರ್‌ಕ್ಲಬ್ ಎಂಬ ಹೆಂಡದಂಗಡಿ, ಬಿಟ್ಟು ಬಂದ ನಾಡಿನ ಊರಿನ ಹೆಸರು ಹೊತ್ತದ್ದು. ಇನ್ನೂ ಕೆಳಗೆ ಇಳಿದರೆ ಆರ್ಗೋನಿಯನ್‌ಗಳೆಂಬ ಹಲ್ಲಿಯಂಥ ಜನಕ್ಕೆ ಗೋಡೆಯೊಳಗೆ ಪ್ರವೇಶವೇ ಇಲ್ಲ, ಹಡಗುಕಟ್ಟೆಯಲ್ಲೇ ವಾಸ. ಒಂದು ಕಾಲಕ್ಕೆ ಈ ಡನ್ಮರ್‌ಗಳೇ ಆರ್ಗೋನಿಯನ್‌ಗಳನ್ನು ಗುಲಾಮರಾಗಿ ಇಟ್ಟುಕೊಂಡಿದ್ದವರು. ಒಂದೇ ಊರಿನ ಒಂದು ಬೀದಿಯಲ್ಲಿ ಇಷ್ಟು ಮಡಿಕೆ ಇಟ್ಟಿದ್ದಾರೆ. ಒಂದು ದೊಡ್ಡ ಮರವೂ ಇಲ್ಲದೆ ಬರೆದ ಎಲ್ಫ್ ನೆಲೆ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಬರೆದದ್ದೂ ಇದೇ.

ಅದೇ ಜನರ ಇನ್ನೊಂದು ಗುಂಪಿಗೆ ಬೇರೆ ದಾರಿ ಸಿಕ್ಕಿತು. ನಾಲ್ಕನೇ ಯುಗದ 16ರಲ್ಲಿ ಸ್ಕೈರಿಮ್‌ನ ಮಹಾರಾಜ ಸೋಲ್‌ಸ್ಟೈಮ್ ದ್ವೀಪವನ್ನೇ ಡನ್ಮರ್‌ಗಳಿಗೆ ಬಿಟ್ಟುಕೊಟ್ಟ. ಅಲ್ಲಿಯ ರೇವನ್ ರಾಕ್ ಗಣಿಯ ಮೇಲೆ ನಿಂತ ಊರು. ಗಣಿ ನಿಂತಾಗ ಊರೂ ಸೊರಗಿತು. ಇದನ್ನು ನೆನಪಿಡಿ, ಹೊಟ್ಟೆಪಾಡಿನ ಮಾತಿಗೆ ಮತ್ತೆ ಬರುತ್ತೇನೆ.

ಈಗ ನಾನು ಹೇಳಿದ ಕಾಡಂಚಿಗೆ ಬನ್ನಿ. ಇದು ನನ್ನ ಕಲ್ಪನೆಯಲ್ಲ, ಬೆಂಗಳೂರಿನಿಂದ ಮಡಿಕೇರಿ ಬಸ್ ಹತ್ತಿದವರೆಲ್ಲ ಕುಶಾಲನಗರಕ್ಕೆ ಮೊದಲು ನೋಡುವ ಜಾಗ. 1959ರ ನಂತರ ಟಿಬೆಟ್‌ನಿಂದ ಬಂದವರಿಗೆ ಆಗಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಮೊದಲ ಗುರಿ ಇದ್ದದ್ದು ಹೆಚ್ಚುಕಡಿಮೆ 3,000 ಜನರಿಗೆ, ನಿಮ್ಮ ಎಲ್ಫ್‌ಗಳಷ್ಟೇ. ಆಟದ ಎಲ್ಫ್‌ಗಳನ್ನೂ ಈ ಜನರನ್ನೂ ಒಂದೇ ತಕ್ಕಡಿಯಲ್ಲಿಡುವ ಉದ್ದೇಶ ನನಗಿಲ್ಲ. ಅವರದು ಬದುಕಿ ಸವೆಸಿದ ಕಷ್ಟ. ಆದರೆ ಒಂದು ಜನಾಂಗ ಹೊಸ ನೆಲದಲ್ಲಿ ಕಾಲೂರುವುದು ಹೇಗೆ ಎಂಬುದಕ್ಕೆ ನಮ್ಮ ಹತ್ತಿರವೇ ಇರುವ ಪಾಠವನ್ನು ಬಿಟ್ಟು ದೂರ ಹೋಗುವುದು ಏಕೆ?

ಆ ಜಾಗದ ಗುಣ ನೋಡಿ. ಒಂದು ಕಡೆ ಕೊಡಗಿನ ಕಾಡು, ಇನ್ನೊಂದು ಕಡೆ ಪಿರಿಯಾಪಟ್ಟಣದ ಬಯಲು, ಹತ್ತಿರದಲ್ಲೇ ಕಾವೇರಿ. ತಣ್ಣನೆಯ ಎತ್ತರದಿಂದ ಬಂದವರಿಗೆ ಇಲ್ಲಿಯ ಸೆಕೆ ಮತ್ತು ಕಾಯಿಲೆ ಮೊದಲ ಶತ್ರು. ಕಾಡು ಕಡಿದು ಹೊಲ ಮಾಡಿದರೆ ಆನೆ, ಹಂದಿ. ಬೆಳೆದದ್ದು ಮುಖ್ಯವಾಗಿ ಜೋಳ, ಅಂದರೆ ಮೆಕ್ಕೆಜೋಳ. ಬರಿ ಹೊಲದಿಂದ ಸಂಸಾರ ಸಾಗಲಿಲ್ಲ, ಚಳಿಗಾಲ ಬಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಬೆಂಗಳೂರಿನಲ್ಲಿ ನವೆಂಬರ್ ಬಂತೆಂದರೆ ಟಿಬೆಟನ್ ಸ್ವೆಟರ್ ಅಂಗಡಿ ಹುಡುಕಿ ಹೋಗುವ ಅಭ್ಯಾಸ ನಿಮ್ಮ ಮನೆಯಲ್ಲೂ ಇದ್ದಿರಬಹುದು. ನೆಲ ಇಂದಿಗೂ ಗುತ್ತಿಗೆಯದ್ದೇ.

ಆಟಕ್ಕೆ ಇಲ್ಲಿಂದ ಎತ್ತಿಕೊಳ್ಳಬೇಕಾದದ್ದು ಇನ್ನೊಂದಿದೆ. ಲಾಸಾದ ಸುತ್ತ ಮೂರು ಮಹಾಮಠಗಳಿದ್ದವು: ಸೆರಾ, ಡ್ರೆಪುಂಗ್, ಗಾಂದೆನ್. ಕರ್ನಾಟಕದಲ್ಲಿ ಸೆರಾ ಮತ್ತೆ ಎದ್ದದ್ದು ಬೈಲುಕುಪ್ಪೆಯಲ್ಲಿ, ಉಳಿದೆರಡು ಉತ್ತರ ಕನ್ನಡದ ಮುಂಡಗೋಡಿನಲ್ಲಿ. ಹುಣಸೂರು, ಕೊಳ್ಳೇಗಾಲದ ಕಡೆಯೂ ಊರುಗಳಿವೆ. ಕಳೆದುಹೋದ ಒಂದು ನಗರಕ್ಕೆ ಬದಲಾಗಿ ಇನ್ನೊಂದು ನಗರ ಹುಟ್ಟಲಿಲ್ಲ. ಅದರ ಅಂಗಗಳು ಬೇರೆ ಬೇರೆ ಕಡೆ ಬೇರು ಬಿಟ್ಟವು. ನಿಮ್ಮ ಎಲ್ಫ್‌ಗಳಿಗೂ ಒಂದೇ ರಾಜಧಾನಿ ಬೇಡ. ಕಾಡಂಚಿನಲ್ಲಿ 2,000 ಜನ ಇರಲಿ, ಬಂದರಿನಲ್ಲಿ ಕೆಲಸ ಕಂಡುಕೊಂಡ 600 ಮಂದಿ ಅಲ್ಲೇ ಉಳಿಯಲಿ, ಮಿಕ್ಕವರು ಇನ್ನೆರಡು ಕಡೆ. ಒಂದು ಬೆಂಕಿಗೆ ಎಲ್ಲವೂ ಹೋದ ಜನ ಮತ್ತೆ ಎಲ್ಲವನ್ನೂ ಒಂದೇ ಕಡೆ ಇಡುತ್ತಾರಾ?

ಇನ್ನು ಲೆಕ್ಕ. ಡ್ರೂಯಿಡ್ ಇದ್ದರೆ ಊಟದ ಚಿಂತೆ ಇಲ್ಲ ಅಂತ ನಿಮ್ಮ ಆಟಗಾರ್ತಿ ವಾದ ಮಾಡುತ್ತಾಳೆ, ಬೇಕಾದರೆ ಬರೆದುಕೊಡುತ್ತೇನೆ. ಗುಡ್‌ಬೆರಿ ಮಂತ್ರ ಒಂದು ಸಲಕ್ಕೆ 10 ಹಣ್ಣು ಕೊಡುತ್ತದೆ, ಒಂದು ಹಣ್ಣಿಗೆ ಒಬ್ಬರ ಒಂದು ದಿನ, 24 ಗಂಟೆ ಕಳೆದರೆ ಗುಣ ಹೋಯಿತು. ಒಂದನೇ ಲೆವೆಲ್ ಡ್ರೂಯಿಡ್‌ಗೆ ದಿನಕ್ಕೆ ಎರಡೇ ಸ್ಲಾಟ್, ಎರಡೇ ಸಲ ಇಂಥ ಮಂತ್ರ ಹಾಕಬಹುದು, ಅಂದರೆ 20 ಹೊಟ್ಟೆ. 3,000 ಜನಕ್ಕೆ ಅಂಥ 150 ಡ್ರೂಯಿಡ್ ಬೇಕು, ಅವರು ಆ ದಿನ ಬೇರೆ ಯಾವ ದೊಡ್ಡ ಮಂತ್ರವನ್ನೂ ಹಾಕುವಂತಿಲ್ಲ. ಗುಡಾರದಲ್ಲಿ ಬರಗಾಲದ ಒಂದು ವಾರ ದಾಟಿಸಲು ಇದು ಸರಿ, ಜನಾಂಗ ಸಾಕಲು ಆಗದು.

ಪ್ಲಾಂಟ್ ಗ್ರೋತ್ ಎಂಬ ಮಂತ್ರ ಬೇರೆ ಥರ. ಎಂಟು ಗಂಟೆ ಕೂತು ಹಾಕಿದರೆ ಅರ್ಧ ಮೈಲಿ ತ್ರಿಜ್ಯದ ನೆಲ ಒಂದು ವರ್ಷ ಎರಡು ಪಟ್ಟು ಬೆಳೆ ಕೊಡುತ್ತದೆ. ಆ ವೃತ್ತದ ವಿಸ್ತೀರ್ಣ ಸುಮಾರು 500 ಎಕರೆ. 3,000 ಎಕರೆಗೆ ವರ್ಷಕ್ಕೆ ಆರು ಸಲ ಹಾಕಿದರೆ ಸಾಕು, ಐದನೇ ಲೆವೆಲ್‌ನ ಒಬ್ಬಳೇ ಡ್ರೂಯಿಡ್ ಒಂದು ವಾರದಲ್ಲಿ ಮುಗಿಸುತ್ತಾಳೆ. ಆದರೆ ಮಂತ್ರ ಇಮ್ಮಡಿ ಮಾಡುವುದು ಇದ್ದ ಬೆಳೆಯನ್ನು. ಉಳುವುದು, ಬಿತ್ತುವುದು, ಕಳೆ ಕೀಳುವುದು, ಕೊಯ್ಯುವುದು ಎಲ್ಫ್‌ಗಳ ಕೈಯಲ್ಲೇ ಆಗಬೇಕು. ದಟ್ಟ ಕಾಡಿನೊಳಗೆ ಬಿತ್ತಲು ಬಯಲೇ ಇಲ್ಲ. ಇಲ್ಲಿಗೆ ಡ್ರೂಯಿಡ್‌ನ ವಾದ ಬಿತ್ತು. ಕಾಡಂಚಿಗೆ ನಾನು ಅಂಟಿಕೊಂಡಿರುವುದಕ್ಕೆ ಇದು ದೊಡ್ಡ ಕಾರಣ. ಇನ್ನೊಂದು ಉಪಯೋಗವೂ ಇದೆ: ಪಕ್ಕದ ಹಳ್ಳಿಯ 500 ಎಕರೆಗೂ ಒಂದು ಸಲ ಮಂತ್ರ ಹಾಕಿಕೊಟ್ಟರೆ ಅದಕ್ಕಿಂತ ದೊಡ್ಡ ಬಾಡಿಗೆ ಇಲ್ಲ.

ರೇವನ್ ರಾಕ್‌ನ ಗಣಿ ಹೇಳಿದೆನಲ್ಲ. ನಿಮ್ಮ ಎಲ್ಫ್‌ಗಳ ಸ್ವೆಟರ್ ಯಾವುದು? ಮನುಷ್ಯರು ಕಾಸು ಕೊಟ್ಟು ಕೊಳ್ಳುವ, ಎಲ್ಫ್‌ಗಳಿಗೆ ಮಾತ್ರ ಬರುವ ಒಂದು ಕೆಲಸ ಆರಿಸಿ. ಎಲ್ಫ್ ದಿನಕ್ಕೆ ನಾಲ್ಕು ಗಂಟೆ ಧ್ಯಾನದಲ್ಲಿ ಕೂತರೆ ನಿದ್ದೆ ಮುಗಿಯಿತು, ಇರುಳಲ್ಲಿ ಕಣ್ಣೂ ಕಾಣುತ್ತದೆ. ಅಂಥವರು ಬಂದರಿನ ರಾತ್ರಿ ಪಾಳಿಗೆ ಹೇಳಿ ಮಾಡಿಸಿದವರು, ಈಗಾಗಲೇ ಕಾವಲು ಕಾಯುತ್ತಿದ್ದ ಮನುಷ್ಯರ ಹೊಟ್ಟೆ ಉರಿಸಲಿಕ್ಕೂ. ಬೆಂಗಳೂರಿನವರಿಗೆ ರಾತ್ರಿ ಪಾಳಿಯ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದ ಮೂರು ಜಾಗಗಳನ್ನು ಬೇಗ ಮುಗಿಸುತ್ತೇನೆ. ಹಿಮದ ಕಣಿವೆ ನೋಡಲು ಚೆನ್ನ. ಬೆಳೆಯುವ ಕಾಲ ಚಿಕ್ಕದು, ಸಂತೆ ದೂರ, ಯಾರೂ ಅಲ್ಲಿ ಇಲ್ಲದಿರುವುದಕ್ಕೆ ಕಾರಣವಿದೆ. ಸುಟ್ಟ ಹಳೇ ಜಾಗಕ್ಕೆ ಮರಳುವುದು ಪ್ರತಿ ಎಲ್ಫ್ ಮುದುಕಿಯ ಕನಸಾಗಿರಲಿ, ಕಥೆಯ ಮುಕ್ಕಾಲು ಭಾಗ ಕನಸಾಗಿಯೇ ಇರಲಿ. 1565ರ ಸೋಲಿನ ನಂತರ ವಿಜಯನಗರದ ಅರಸುಮನೆತನ ಪೆನುಕೊಂಡೆಗೆ ಹೋಯಿತು, ಆಮೇಲೆ ಚಂದ್ರಗಿರಿ, ವೆಲ್ಲೂರು. ಹಂಪಿ ಮತ್ತೆ ರಾಜಧಾನಿಯಾಗಲೇ ಇಲ್ಲ. ಗೆದ್ದ ಶತ್ರು ಇನ್ನೂ ಪಕ್ಕದಲ್ಲೇ ಇರುವಾಗ ಬೂದಿಯ ಮೇಲೆ ಊರು ಕಟ್ಟಲು ಸೈನ್ಯ ಬೇಕು, ನಿಮ್ಮ ಗುಡಾರಗಳಲ್ಲಿ ಅದಿಲ್ಲ.

ದ್ವೀಪದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಆಟಗಾರರು ಮೊದಲು ಮನಸೋಲುವುದು ಅದಕ್ಕೇ. ಖಾಲಿ, ಸುರಕ್ಷಿತ, ನಮ್ಮದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದಾಗ ತುಮರಿ ಸುತ್ತಲಿನ ಊರುಗಳು ದ್ವೀಪದಂತಾದವು. ಸಾಗರ ಪಟ್ಟಣಕ್ಕೆ ಬರಬೇಕೆಂದರೆ ಲಾಂಚ್ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಹೆರಿಗೆ ನೋವು ಬಂದವಳಿಗೂ ದಾರಿ ದೂರವಿತ್ತು. ಸೇತುವೆ ಆದದ್ದು 2025ರ ಜುಲೈನಲ್ಲಿ, ಅರವತ್ತು ವರ್ಷದ ಮೇಲೆ. ಮುಳುಗಡೆಯಾದವರಿಗೆ ಕಾಡಿನಲ್ಲಿ ಕೊಟ್ಟ ಜಾಗದ ಹಕ್ಕುಪತ್ರದ ಜಗಳ ಇನ್ನೂ ಮುಗಿದಿಲ್ಲ. ನೀರು ಶತ್ರುವನ್ನು ತಡೆಯುವಷ್ಟೇ ಚೆನ್ನಾಗಿ ಉಪ್ಪು, ಕಬ್ಬಿಣ, ಸೂಲಗಿತ್ತಿ, ಮದುವೆ ಸಂಬಂಧ ಎಲ್ಲವನ್ನೂ ತಡೆಯುತ್ತದೆ. ಏಳುನೂರು ವರ್ಷ ದಾಟಿ ಬದುಕುವ ಜನ ದ್ವೀಪದಲ್ಲಿ ಕೂತರೆ ನೂರು ವರ್ಷಕ್ಕೆ ಲೋಕ ಅವರನ್ನು ಮರೆಯುತ್ತದೆ. ಮುಂದೆ ಬೇರೆ ಪಾರ್ಟಿ ಹುಡುಕಿಕೊಂಡು ಹೋಗಲು ಅದು ಒಳ್ಳೆಯ ಜಾಗ, ಈ ಕಥೆಗಲ್ಲ.

ಮರ ಇಲ್ಲದ ಎಲ್ಫ್ ಊರೇ ಅಂತ ನೀವು ಕೇಳಬಹುದು. ಮರ ಬರುತ್ತದೆ, ತಡವಾಗಿ. ಬೆಂಗಳೂರಿನ ಹಳೇ ಬಡಾವಣೆಗಳ ನೆರಳನ್ನೇ ನೋಡಿ. ಮಳೆಮರ ದಕ್ಷಿಣ ಅಮೆರಿಕದ ಕಡೆಯದು, ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಂಡ, ಟಬೂಬಿಯ ಕೂಡ ಸಮುದ್ರದಾಚೆಯವು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ಕ್ರುಂಬಿಗಲ್, ವರ್ಷದ ಬೇರೆ ಬೇರೆ ತಿಂಗಳಲ್ಲಿ ಒಂದಾದ ಮೇಲೊಂದು ಹೂ ಬಿಡುವಂತೆ ಸಾಲುಮರ ಆರಿಸಿದವರು. ನಾವು ನಮ್ಮೂರ ಮರ ಅನ್ನುವ ಬಹಳಷ್ಟು ಮರಗಳು ವಲಸೆ ಬಂದವು. ನಿಮ್ಮ ಎಲ್ಫ್‌ಗಳೂ ಮೊದಲ ಮೂವತ್ತು ವರ್ಷ ಬೇಗ ಬೆಳೆಯುವ, ಅವರಿಗೆ ಪರಕೀಯವಾದ ಮರಗಳನ್ನು ನೆರಳಿಗೆ ನೆಡಲಿ. ಅವುಗಳ ಕೆಳಗೆ ತಾಯ್ನಾಡಿನಿಂದ ತಂದ ಬೀಜ ಮೊಳೆಯಲಿ, ಇನ್ನೂರು ವರ್ಷಕ್ಕೆ ಅದು ಮೇಲೆ ಬರಲಿ. ಹಳಬರು ಆ ಪರದೇಶಿ ಮರಗಳನ್ನು ಕಂಡು ಮುಖ ಸಿಂಡರಿಸುವುದು, ಅವುಗಳ ಕೆಳಗೇ ಆಡಿ ಬೆಳೆದ ಮಕ್ಕಳು ಕಡಿಯಲು ಬಿಡದಿರುವುದು, ಇದೇ ಒಂದು ಸೆಷನ್.

ಮಾದರಿ ಮರ ಬೇಕೆಂದರೆ ಪಾರ್ಟಿಯನ್ನೆಲ್ಲ ಕರೆದುಕೊಂಡು ಮೈಸೂರು ರಸ್ತೆ ಕಡೆಯ ರಾಮೋಹಳ್ಳಿ ಬಳಿ ದೊಡ್ಡ ಆಲದ ಮರಕ್ಕೆ ಹೋಗಿ. ಮೂರು ಎಕರೆ ಹರಡಿದೆ, ವಯಸ್ಸು 400 ಅನ್ನುತ್ತಾರೆ. ಅದರ ಮೂಲ ಕಾಂಡ ರೋಗ ಬಂದು ಸತ್ತಿದೆ. ಈಗ ನಿಂತಿರುವುದೆಲ್ಲ ಬಿಳಲು, ಒಂದೊಂದೂ ತಾನೇ ಕಾಂಡ. ನಡುವಿನಲ್ಲಿ ಮರವೇ ಇಲ್ಲದ ಮರ. ನಾಲ್ಕು ಊರಿಗೆ ಹಂಚಿಹೋದ ಎಲ್ಫ್‌ಗಳ ಹೊಸ ಮರನಗರಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ಗೊತ್ತಿಲ್ಲ. ನಿಯಮದಲ್ಲಿ ಅದಕ್ಕೆ ಬೆಂಬಲವೂ ಇದೆ. ಆರನೇ ಹಂತದ ಟ್ರಾನ್ಸ್‌ಪೋರ್ಟ್ ವಯಾ ಪ್ಲಾಂಟ್ಸ್ ಮಂತ್ರ ಎರಡು ಮರಗಳ ನಡುವೆ ಸ್ವಲ್ಪ ಹೊತ್ತು ಬಾಗಿಲು ತೆರೆಯುತ್ತದೆ, ದೂರ ಎಷ್ಟಾದರೂ ಸರಿ. ಆಚೆಯ ಗಿಡವನ್ನು ಮೊದಲೇ ನೋಡಿರಬೇಕು ಅಥವಾ ಮುಟ್ಟಿರಬೇಕು. ಇದಕ್ಕೆ 11ನೇ ಲೆವೆಲ್ ಡ್ರೂಯಿಡ್ ಬೇಕು, 3,000 ಜನರಲ್ಲಿ ಅಂಥವರು ಒಬ್ಬರೇ ಇರಲಿ, ತೀರಾ ವಯಸ್ಸಾಗಿರಲಿ. ನಾಲ್ಕು ಊರನ್ನು ಒಂದು ಮಾಡುವ ದಾರಿ ಒಂದು ಜೀವದ ಮೇಲೆ ನಿಂತಿದೆ ಅಂದಮೇಲೆ ನಿಮ್ಮ ಡ್ರೂಯಿಡ್‌ಗೆ ಲೆವೆಲ್ ಏರಲು ಬೇರೆ ಆಮಿಷ ಬೇಡ.

ಈಗ ಒಪ್ಪಂದ. ಇಲ್ಲಿ ಅವಸರ ಮಾಡಬೇಡಿ. ರಾಜ ಖಾಲಿ ನೆಲ ಎಂದು ಕೊಡುವ 3,000 ಎಕರೆ ಖಾಲಿ ಇರುವುದಿಲ್ಲ. ಅದು ಹಳ್ಳಿಯ ಗೋಮಾಳ. ದನ ಮೇಯುತ್ತವೆ, ಬೇಸಿಗೆಯಲ್ಲಿ ಹೆಂಗಸರು ಸೌದೆ ತರುತ್ತಾರೆ, ಅಂಚಿನಲ್ಲೊಂದು ಚೌಡಿಯ ಕಲ್ಲು, ಮೂಲೆಯಲ್ಲಿ ಯಾರೋ ದಾಖಲೆ ಇಲ್ಲದೆ ಹತ್ತು ವರ್ಷದಿಂದ ರಾಗಿ ಬೆಳೆಯುತ್ತಿದ್ದಾನೆ. ಬಗರ್‌ಹುಕುಂ ಅಂದರೆ ನಿಮ್ಮ ಆಟಗಾರರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ, ಇಂಗ್ಲಿಷಿನಲ್ಲಿ ಆಡುವವರಿಗೆ ಈ ಭಾಗ್ಯವಿಲ್ಲ. ರಾಜನ ಸರ್ವೇಯರ್ ಹದ್ದುಬಸ್ತಿಗೆ ಬಂದು ಕಲ್ಲು ನೆಡುತ್ತಾನೆ. ಬೆಳಗಾಗುವಷ್ಟರಲ್ಲಿ ಎರಡು ಕಲ್ಲು ನಾಪತ್ತೆ. ಯಾರು ಕಿತ್ತರು? ಕತ್ತಿ ಹಿರಿಯದೆ ಮೂರು ತಾಸು ಆಡಬಹುದಾದ ಸೆಷನ್ ಇದು, ಹೊಡೆದಾಟವಿಲ್ಲ ಎಂದು ಯಾರೂ ಗೊಣಗುವುದಿಲ್ಲ, ಏಕೆಂದರೆ ಎಲ್ಲರ ಮನೆಯಲ್ಲೂ ಒಂದು ಜಮೀನಿನ ತಕರಾರು ಇದ್ದೇ ಇದೆ.

ಷರತ್ತುಗಳಲ್ಲಿ ನನ್ನ ಮಟ್ಟಿಗೆ ಬಿಡಬಾರದ್ದು ಗುತ್ತಿಗೆಯ ಅವಧಿ. ರಾಜ 99 ವರ್ಷ ಎನ್ನುತ್ತಾನೆ. ಅವನ ಪಾಲಿಗೆ ಅದು ಮೊಮ್ಮಕ್ಕಳ ಕಾಲ. 750 ವರ್ಷದವರೆಗೆ ಬದುಕಬಲ್ಲ ಎಲ್ಫ್‌ಗೆ ಅದು ಸಾಲ ತೀರಿಸುವ ಅವಧಿಗಿಂತ ಹೆಚ್ಚಲ್ಲ. ಈಗ ಹುಟ್ಟಿದ ಕೂಸು ತನ್ನವರ ಲೆಕ್ಕದಲ್ಲಿ ಪ್ರಾಯಕ್ಕೆ ಬರುವುದೇ ನೂರರ ಆಸುಪಾಸಿನಲ್ಲಿ, ಅಷ್ಟೊತ್ತಿಗೆ ಗುತ್ತಿಗೆ ಮುಗಿದಿರುತ್ತದೆ. ಇತ್ತ ಹಳ್ಳಿಯ ಗೌಡನಿಗೆ ಬೇರೆಯೇ ಭಯ: ಇವತ್ತು ಅತಿಥಿಯಾಗಿ ಬಂದವನು ನನ್ನ ಮರಿಮಗನ ಕಾಲಕ್ಕೂ ಅದೇ ಮುಖ ಹೊತ್ತು ಇಲ್ಲೇ ಕೂತಿರುತ್ತಾನೆ, ಆಗ ಇದು ಯಾರ ಊರು ಅಂತ ಯಾರಿಗೆ ನೆನಪಿರುತ್ತದೆ? ಇಬ್ಬರದೂ ನ್ಯಾಯವಾದ ಮಾತೇ. ಅದನ್ನು ಡೈಸ್ ಉರುಳಿಸಿ ಮುಗಿಸಬೇಡಿ, ಮಾತಾಡಲು ಬಿಡಿ.

ಗ್ನೋಮ್‌ಗಳನ್ನು ಮರೆಯುವಂತಿಲ್ಲ. ನೆಲ ರಾಜನದಾದರೂ ಅದರ ಹಿಂದಿನ ಕಾಡು ಅವರದು, ಕಾಗದ ಇರಲಿ ಬಿಡಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಅಲ್ಲೇ ಇದ್ದರೂ ಸಮುದಾಯದ ಅರಣ್ಯ ಹಕ್ಕು ಕಾಗದದಲ್ಲಿ ಸಿಕ್ಕಿದ್ದು 2011ರಲ್ಲಿ, ಅದೂ 2006ರ ಕಾನೂನು ಬಂದ ಮೇಲೆ. ಜೇನು, ನೆಲ್ಲಿಕಾಯಿ, ಪಾಚಿ ಅಂಥವನ್ನು ಕಾಡಿನಿಂದ ತರುವ ಹಕ್ಕು ಅವರ ಬದುಕು. ನಿಮ್ಮ ಎಲ್ಫ್‌ಗಳು ಮರದ ಮೇಲಿನ ಪ್ರೀತಿಯಿಂದಲೇ ಕಾಡಿಗೆ ಹೋಗಿ, ಗ್ನೋಮ್‌ಗಳು ಕಾಯ್ದುಕೊಂಡ ಜೇನಿನ ಮರಕ್ಕೆ ಪೂಜೆ ಶುರುಮಾಡಿ, ಇನ್ನು ಇದನ್ನು ಯಾರೂ ಮುಟ್ಟಬಾರದು ಅನ್ನಲಿ. ಒಳ್ಳೆಯ ಮನಸ್ಸಿನಿಂದ ಹುಟ್ಟುವ ಜಗಳಕ್ಕಿಂತ ಒಳ್ಳೆಯ ಜಗಳ ಆಟದಲ್ಲಿ ಸಿಗದು. ಹೊಸ ಹೊಲದ ನಡುವೆ ಆನೆದಾರಿ ಹಾದುಹೋಗುತ್ತದೆ ಎಂಬುದನ್ನೂ ಗ್ನೋಮ್‌ಗಳೇ ಬಲ್ಲರು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಮೊದಲ ಬೆಳೆ ಹೋದಾಗ ಗೊತ್ತಾಗುತ್ತದೆ.

ಕೊನೆಯ ಪ್ರಶ್ನೆಗೆ: ಜಾಗಗಳನ್ನೂ ಪ್ರತಿ ಜಾಗದ ಷರತ್ತುಗಳನ್ನೂ ನೀವು ಬರೆಯಿರಿ, ಆಯ್ಕೆ ಆಟಗಾರರಿಗೆ ಬಿಡಿ. ನಾನು ಬೇಡ ಎಂದ ನಾಲ್ಕನ್ನೂ ಪಟ್ಟಿಯಲ್ಲಿಡಿ, ಅವರು ದ್ವೀಪವನ್ನೇ ಆರಿಸಿದರೆ ದ್ವೀಪವೇ ಸರಿ, ಲಾಂಚಿನ ವೇಳಾಪಟ್ಟಿ ತಯಾರಿರಲಿ. ಆದರೆ 3,000 ಮಂದಿ ಪಾರ್ಟಿ ಹೇಳಿದಂತೆ ಕುರಿಗಳ ಹಾಗೆ ಹಿಂದೆ ಬರುವುದಿಲ್ಲ. ಗುಡಾರದಲ್ಲಿ ಮೂವರು ಎನ್‌ಪಿಸಿಗಳನ್ನು, ಅಂದರೆ ನೀವೇ ಆಡಿಸುವ ಪಾತ್ರಗಳನ್ನು, ಮೊದಲೇ ನಿಲ್ಲಿಸಿ: ಬೂದಿಗೇ ಮರಳಬೇಕೆನ್ನುವ 700 ದಾಟಿದ ಅಜ್ಜಿ, ಬಂದರಿನಲ್ಲಿ ಈಗಾಗಲೇ ಕೆಲಸ ಹಿಡಿದು ಮನುಷ್ಯರ ಮನೆಗೆ ಬಾಡಿಗೆ ಕಟ್ಟುತ್ತಿರುವ ನಡುವಯಸ್ಸಿನವನು, ಮರನಗರದ ನೆನಪು ಮಸುಕಾಗುತ್ತಿರುವ 40ರ ಹುಡುಗಿ. ಪಾರ್ಟಿ ಈ ಮೂವರಲ್ಲಿ ಇಬ್ಬರನ್ನು ಒಪ್ಪಿಸಬೇಕು. ಡ್ರೂಯಿಡ್ ಆಡುವವಳಿಗೆ ಮಾತ್ರ ಮುಂದಿನ ಭಾನುವಾರಕ್ಕೆ ಮೊದಲೇ ಒಂದು ಮೆಸೇಜ್ ಹಾಕಿಬಿಡಿ: ಗ್ನೋಮ್‌ಗಳ ಜೊತೆ ಮಾತುಕತೆಗೆ ಕೂರುವವಳು ಅವಳೇ.